ನೀಲವ್ವನಿಗೆ ನಾನು ಹೇಳದ ಮಾತು

ಹೋದ ಆಷಾಢದಲ್ಲಿ ದಾಂಡೇಲಿಯ ಭಕ್ತರೊಬ್ಬರ ಮನೆಗೆ ಹೊರಟಿದ್ದೆ. ಹಳಿಯಾಳ ದಾಟಿ ಕಾಡು ಶುರುವಾಗುವ ಹೊತ್ತಿಗೆ ನಮ್ಮ ಕಾರಿನ ಮುಂದೆ ಬಿದಿರು ತುಂಬಿದ ಲಾರಿಯೊಂದು ಸಿಕ್ಕಿತು. ಜಿಟಿಜಿಟಿ ಮಳೆ, ರಸ್ತೆ ಕಿರಿದು. ಬಹಳ ದೂರ ಅದರ ಬೆನ್ನಿಗೇ ಹೋಗಬೇಕಾಯಿತು. ಮಳೆಯಲ್ಲಿ ನೆನೆದ ಹಸಿ ಬಿದಿರಿಗೆ ಒಂದು ವಾಸನೆ ಇದೆ. ಸ್ವಲ್ಪ ಹುಳಿ, ಸ್ವಲ್ಪ ಮುಗ್ಗಲು, ಗಂಟಲಿನ ಹಿಂದೆ ಹೋಗಿ ಕೂತುಬಿಡುತ್ತದೆ. ಕಾರು ನಡೆಸುತ್ತಿದ್ದ ಹುಡುಗ, "ಕಿಡಕಿ ಏರಸಲ್ರೀ ಅಜ್ಜಾರ?" ಎಂದು ಕೇಳಿದ. ಬೇಡಪ್ಪಾ ಎಂದೆ. ಆ ವಾಸನೆಯೊಳಗೆ ನಾನು ಮೂರು ತಿಂಗಳು ಮಲಗಿ ಎದ್ದವನು. ಅದಾಗಿ ಅರವತ್ತು ವರ್ಷ ಕಳೆದಿದೆ.

ಆಗ ನನಗೆ ಇಪ್ಪತ್ತಮೂರು. ಧಾರವಾಡ ಸೀಮೆಯ ಒಂದು ಸಣ್ಣ ಮಠಕ್ಕೆ ಮರಿಯಾಗಿದ್ದೆ. ಮರಿ ಎಂದರೆ ಮುಂದೆ ಮಠ ನೋಡಿಕೊಳ್ಳಲೆಂದು ಗುರುಗಳು ಬೆಳೆಸುವವನು. ನನಗೆ ಎಂಟು ವರ್ಷವಿದ್ದಾಗ ಮನೆಯವರು ಹರಕೆಯೆಂದು ಮಠಕ್ಕೆ ಕೊಟ್ಟಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಎಂಟು ವರ್ಷದವನನ್ನು ಕೇಳುವುದೇನಿದೆ? ಮಠದಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಉಣ್ಣಲು ಇತ್ತು, ಓದಲು ಇತ್ತು. ಆದರೂ ಕಾವಿ ಉಟ್ಟ ದಿನದಿಂದ ಬಾಗಿಲೊಂದು ನನ್ನ ಹಿಂದೆ ಮುಚ್ಚಿಕೊಂಡಿದೆ ಅನ್ನಿಸುತ್ತಿತ್ತು. ಅದನ್ನು ಯಾರ ಮುಂದೆ ಹೇಳಲಿ? ಹೇಳಿಕೊಳ್ಳಲು ಜನ ನನ್ನ ಹತ್ತಿರ ಬರುತ್ತಿದ್ದರು, ನಾನು ಯಾರ ಹತ್ತಿರ ಹೋಗಬೇಕು?

ನನಗಿದ್ದ ಒಂದು ಬಲವೆಂದರೆ ಮಾತು. ಪುರಾಣಕ್ಕೆ ಕುಳಿತೆನೆಂದರೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಂಡಸರು ಬೀಡಿ ಸೇದಲು ಏಳುತ್ತಿರಲಿಲ್ಲ. ಅದರ ಸೊಕ್ಕೂ ನನಗಿತ್ತು.

ದಾಂಡೇಲಿಯಲ್ಲಿ ಆಗಷ್ಟೇ ಕಾಗದದ ಕಾರ್ಖಾನೆ ನಡೆಯಲು ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಧಾರವಾಡ, ಬೆಳಗಾವಿ ಕಡೆಯ ಎಷ್ಟೋ ಮನೆತನಗಳು ಅಲ್ಲಿ ದುಡಿಯಲು ಹೋಗಿದ್ದವು. ಅವರ ಪೈಕಿ ಹಿರಿಯರು ನಾಲ್ಕು ಮಂದಿ ಬಂದು ನಮ್ಮ ಗುರುಗಳಾದ ಅಜ್ಜನವರ ಮುಂದೆ ಕೈಮುಗಿದು ಕುಳಿತರು. "ಹುಟ್ಟಿದ ಕೂಸಿಗೆ ಲಿಂಗಾ ಕಟ್ಟಾಕ, ಸತ್ತವರಿಗೆ ಮಣ್ಣ ಕೊಡಾಕ ಅಲ್ಲಿ ನಮ್ಮವರು ಅಂತ ಒಬ್ಬರಿಲ್ಲರಿ. ಮಳಿಗಾಲದಾಗ ಹಾದಿ ಬಂದ್ ಆಗತಾವು, ಯಾರನ್ನ ಕರಸೂದ್ರಿ?" ಅಜ್ಜನವರು ನನ್ನ ಕಡೆ ನೋಡಿ, "ನಾಲ್ಕ ತಿಂಗಳ ಹೋಗಿ ಬಾ" ಎಂದರು. ನನಗೆ ಒಳಗೊಳಗೇ ಹಿಗ್ಗು. ಮಠದಿಂದ ಹೊರಗೆ ನಾಲ್ಕು ತಿಂಗಳು!

ಅಳ್ನಾವರದಿಂದ ರೈಲು. ಕಟ್ಟಿಗೆ ತುಂಬುವ ಡಬ್ಬಿಗಳೇ ಹೆಚ್ಚು, ಮನುಷ್ಯರಿಗೆ ಎರಡೇ. ಇಳಿದಾಗ ಶುರುವಾದ ಮಳೆ ನಾನು ಹೊರಡುವ ದಿನವೂ ಪೂರ್ತಿ ನಿಂತಿರಲಿಲ್ಲ. ನನ್ನನ್ನು ಇಳಿಸಿಕೊಂಡವರು ಈರಪ್ಪ ಶೆಟ್ಟರು. ಹಳಿಯಾಳದವರು, ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ತಗಡಿನ ಖೋಲಿ ನನಗೆ. ಒಂದು ಗೋಡೆಗೆ ಬೆಲ್ಲದ ಪೆಂಟಿ, ಮೆಣಸಿನಕಾಯಿ ಚೀಲ. ಇನ್ನೊಂದು ಗೋಡೆಗೆ ಕಿಟಕಿ. ಕಿಟಕಿ ತೆರೆದರೆ ಕಾಣುವುದು ಆಳೆತ್ತರಕ್ಕೂ ಮೀರಿ ಒಟ್ಟಿದ ಬಿದಿರು, ಅದರಾಚೆ ಕಾಡು. ನಾನು ಎರಿ ಹೊಲದ ಸೀಮೆಯವನು, ನಿಂತಲ್ಲಿಂದ ಮೂರು ಊರು ಕಾಣುವ ನೆಲ ನಮ್ಮದು. ಇಲ್ಲಿ ಯಾವ ಕಡೆ ತಿರುಗಿದರೂ ಮರ. ತಗಡಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ನನಗೇ ಕೇಳದು. ಒಗೆದ ಕಾವಿ ಒಣಗುತ್ತಿರಲಿಲ್ಲ, ಹಸಿಯದನ್ನೇ ಉಟ್ಟು ಮೈಶಾಖದಿಂದ ಆರಿಸಿಕೊಳ್ಳಬೇಕು. ಹದಿನೈದು ದಿನದಲ್ಲಿ ಪುಸ್ತಕಗಳಿಗೆ ಬೂಸು ಬಂತು. ಮಠದ ಬಾಗಿಲು ತೆರೆದು ಹೊರಗೆ ಬಂದೆ ಅಂದುಕೊಂಡವನು ಅದಕ್ಕಿಂತ ಸಣ್ಣ ಖೋಲಿಗೆ ಬಂದು ಬಿದ್ದಿದ್ದೆ.

ಸಂಜೆ ಶೆಟ್ಟರ ಕಟ್ಟೆಯ ಮೇಲೆ ಪುರಾಣ ಹೇಳುತ್ತಿದ್ದೆ. ಕಾರ್ಖಾನೆಯ ಭೋಂಗಾ ಊದಿದ ಮೇಲೆ ಪಾಳಿ ಮುಗಿಸಿದವರು ಹಾಗೇ ಬಂದು ಕೂಡುತ್ತಿದ್ದರು. ಅಷ್ಟು ಹೊತ್ತು ಮಾತ್ರ ನನಗೆ ಉಸಿರು ಸರಾಗ.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ಐತವಾರ ಮಲ್ಲಪ್ಪ ಎಂಬ ಹುಡುಗ ಕಾಣೆಯಾದ. ಬೈಲಹೊಂಗಲ ಕಡೆಯವನು, ಬಿದಿರು ಒಟ್ಟುವ ಕೆಲಸ. ಅವನೂ ಅವನ ತಾಯಿ ನೀಲವ್ವನೂ ಹೆಂಡತಿ ಗಂಗವ್ವನೂ ಕೂಲಿಕಾರರ ಚಾಳಿನ ಸಾಲಿನಲ್ಲಿ ಕೊನೆಯ ಮನೆಯಲ್ಲಿದ್ದರು. ಹೊಳೆಯಾಚೆ ಕೋಗಿಲಬನಕ್ಕೆ ಹೋಗಿ ಬರುತ್ತೇನೆಂದು ಮುಂಜಾನೆ ಹೊರಟವನು ಬರಲಿಲ್ಲ. ಮರುದಿನ ಕಾಳಿ ನದಿಯ ದಂಡೆಯಲ್ಲಿ ಅವನ ಚಪ್ಪಲಿ, ಮಡಚಿಟ್ಟ ಕಂಬಳಿ ಕೊಪ್ಪೆ ಸಿಕ್ಕವು. ನಾವೆಯವನು ತಾನು ಅವನನ್ನು ದಾಟಿಸಿಲ್ಲ ಎಂದ. ಈಸಲು ಹೋಗಿ ಸೆಳವಿಗೆ ಸಿಕ್ಕಿರಬೇಕು ಎಂದರು. ಗಂಡಸರು ನಾಲ್ಕು ದಿನ ಕೆಳಗಿನ ತನಕ ಹುಡುಕಿದರು. ಹೆಣ ಸಿಗಲಿಲ್ಲ. ಕಾಳಿಯಲ್ಲಿ ಮೊಸಳೆಗಳಿದ್ದವು, ಇನ್ನು ಸಿಗುವುದೂ ಇಲ್ಲ ಎಂದು ಕೈಬಿಟ್ಟರು.

ಎರಡನೆಯ ದಿನ ನಾನು ಆ ಮನೆಗೆ ಹೋದೆ. ಮೊಣಕಾಲ ಮೇಲೆ ಗದ್ದ ಊರಿ ಗಂಗವ್ವ ಮೂಲೆಯಲ್ಲಿ ಕುಳಿತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ನೀಲವ್ವ ಬಾಗಿಲಲ್ಲಿ. ನಾನು ಮಾತಾಡಿದೆ. ಒಂದು ತಾಸಾದರೂ ಮಾತಾಡಿದ್ದೇನೆ. ಬಂದವರು ಹೋಗಲೇಬೇಕು, ಶಿವ ಕೊಟ್ಟದ್ದನ್ನು ಶಿವನೇ ಕರೆದುಕೊಂಡ, ಹೀಗೆ. ಒಳ್ಳೆಯ ಮಾತುಗಳೇ. ಕಟ್ಟೆಯ ಮೇಲೆ ಆಗಿದ್ದರೆ ಜನ ತಲೆದೂಗುತ್ತಿದ್ದರು. ಗಂಗವ್ವ ನಡುವೆಯೇ ಎದ್ದು ಹಿತ್ತಲ ಕಡೆ ಹೋದಳು. ನೀಲವ್ವ ಮಾತ್ರ ಕೊನೆಯ ತನಕ ಕೇಳಿ, "ನೀವು ಹೇಳೂದೆಲ್ಲಾ ಖರೆ ಐತ್ರಿ ಸ್ವಾಮ್ಯಾರ. ಆದ್ರ ನಾ ಅವನ ಮಾರಿ ನೋಡಬೇಕ್ರಿ" ಎಂದು ಹೊಳೆಯ ಕಡೆ ನಡೆದಳು. ಅಂದಿನಿಂದ ಅವಳು ದಿನವೂ ದಂಡೆಯ ಮೇಲೆ ಹೋಗಿ ಕೂಡುತ್ತಿದ್ದಳು, ನೀರಲ್ಲಿ ಏನಾದರೂ ತೇಲಿ ಬಂದೀತೇ ಎಂದು.

ನಾಲ್ಕನೆಯ ದಿನ ಮತ್ತೆ ಹೋದೆ. ಮನೆಯಲ್ಲಿ ಗಂಗವ್ವ ಒಬ್ಬಳೇ. ಬಾಗಿಲು ಪೂರ್ತಿ ತೆರೆದಿಟ್ಟು ಹೊಸ್ತಿಲ ಹತ್ತಿರ ಮಣೆ ಹಾಕಿದಳು. ನಾನು ಗಂಟಲು ಸರಿಮಾಡಿಕೊಂಡದ್ದೇ ತಡ, ಅವಳು ತಲೆ ಎತ್ತದೆ ಹೇಳಿದಳು:

"ಇವತ್ತ ಏನೂ ಮಾತಾಡಬ್ಯಾಡ್ರಿ. ಸುಮ್ಮನ ಕುಂದರ್ರಿ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ಮಳೆ ಜೋರಾಯಿತು, ಕುಳಿತೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ದುಃಖದ ಎದುರು ನಾನು ಎಂದೂ ಕುಳಿತಿರಲಿಲ್ಲ. ಮೊದಲು ಬಂದದ್ದು ಸಿಟ್ಟು. ಆಮೇಲೆ ಹೇಳಬೇಕಾದ ಮಾತುಗಳೆಲ್ಲ ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು, ಒಂದೊಂದನ್ನೇ ನುಂಗಿದೆ. ಅವು ಮುಗಿದ ಮೇಲೆ ಹೆದರಿಕೆ. ಮಾತು ತೆಗೆದರೆ ನನ್ನಲ್ಲಿ ಏನೂ ಇಲ್ಲವಲ್ಲ ಎಂಬ ಹೆದರಿಕೆ. ಒಂದು ತಾಸು ಕಳೆದ ಮೇಲೆ ಗಂಗವ್ವ, "ನಾಳೆ ಬರ್ರಿ" ಎಂದಳು.

ದಿನವೂ ಮಧ್ಯಾಹ್ನದ ಭೋಂಗಾ ಆದ ಮೇಲೆ ಹೋಗುತ್ತಿದ್ದೆ. ನಾನು ಹೊಸ್ತಿಲಲ್ಲಿ, ಅವಳು ಒಳಗೆ ಗೋಡೆಗೆ ಒರಗಿ. ಐದನೆಯ ದಿನವೋ ಆರನೆಯ ದಿನವೋ ಅವಳು ಕುಳಿತಲ್ಲೇ ನಿದ್ದೆಹೋದಳು. ಮಲ್ಲಪ್ಪ ಹೋದಂದಿನಿಂದ ಅವಳು ಕಣ್ಣು ಮುಚ್ಚಿಲ್ಲವೆಂದು ಪಕ್ಕದ ಮನೆಯವರು ಹೇಳಿದ್ದರು. ನಾನು ಅಲುಗಾಡದೆ ಕುಳಿತೆ. ಎದ್ದವಳು ನಾಚಿಕೊಂಡು ಬೋಗುಣಿ ಎಳೆದುಕೊಂಡು ಜೋಳ ಆರಿಸತೊಡಗಿದಳು. ಮರುದಿನ ಒಲೆ ಹಚ್ಚಿದಳು. ನನ್ನ ಪುರಾಣ ಕೇಳಿ ಅತ್ತವರನ್ನು ಎಷ್ಟೋ ಕಂಡಿದ್ದೆ. ಆದರೆ ನಾನು ಸುಮ್ಮನಿದ್ದದ್ದಕ್ಕೆ ಒಬ್ಬರು ಒಲೆ ಹಚ್ಚಿದ್ದನ್ನು ಕಂಡದ್ದು ಅದೇ ಮೊದಲು.

ಹದಿಮೂರನೆಯ ದಿನ ನಾನು ಹೋದಾಗ ಅವಳು ಕೂಡಲಿಲ್ಲ. ಬೀದಿಯ ಕಡೆ ಎರಡು ಸಲ ನೋಡಿ, ಜೋಳದ ಗಡಿಗೆಯೊಳಗೆ ಮೊಳಕೈ ತನಕ ಕೈಹಾಕಿ, ಒಂದು ಬೆಳ್ಳಿಯ ಕರಡಿಗೆ ತೆಗೆದು ನನ್ನ ಮುಂದೆ ಇಟ್ಟಳು. ಶಿವದಾರ ಸುತ್ತಿಟ್ಟ ಕರಡಿಗೆ. ಒಳಗೆ ಲಿಂಗ. ಅದು ಯಾರದೆಂದು ಕೇಳುವುದು ಬೇಕಿರಲಿಲ್ಲ. ನಮ್ಮವರು ಲಿಂಗವನ್ನು ಮೈಮೇಲಿಂದ ತೆಗೆದಿಡುವುದಿಲ್ಲ, ಸತ್ತರೆ ಅದರ ಕೂಡವೇ ಮಣ್ಣಿಗೆ ಹೋಗುತ್ತಾರೆ. ಹೊಳೆಗೆ ಬಿದ್ದವನ ಲಿಂಗ ಹೊಳೆಯಲ್ಲಿರಬೇಕು.

"ಹೊಳಿ ಒಯ್ಯಲಿಲ್ರಿ ಅವನ್ನ," ಎಂದಳು ಗಂಗವ್ವ. "ಹ್ವಾದ. ತಾನ ಹ್ವಾದ."

ಆಮೇಲೆ ತಡೆಯಿಲ್ಲದೆ ಹೇಳಿದಳು. ಆ ಐತವಾರ ಅತ್ತೆ ನೀರಿಗೆ ಹೋಗಿದ್ದಾಗ ಮಲ್ಲಪ್ಪ ಅವಳನ್ನು ಕರೆದು ಕೂಡಿಸಿಕೊಂಡು, "ನನಗ ಇಲ್ಲಿ ಉಸರ ಕಟ್ಟತೈತಿ. ಹೋಗ್ತೇನಿ" ಎಂದನಂತೆ. ಎಲ್ಲಿಗೆ ಎಂದರೆ, ಕಾಡಿನ ಹಾದಿ ಹಿಡಿದು ಜೊಯಿಡಾ ಕಡೆ, ಅಲ್ಲಿಂದ ಮುಂದೆ ತನಗೂ ಗೊತ್ತಿಲ್ಲ ಎಂದನಂತೆ. ಚಪ್ಪಲಿ, ಕೊಪ್ಪೆ ದಂಡೆಯಲ್ಲಿ ತಾನೇ ಇಟ್ಟು ಹೋಗುತ್ತೇನೆ, ಹೊಳೆ ಪಾಲಾದ ಎಂದೇ ಎಲ್ಲರೂ ತಿಳಿಯಲಿ ಎಂದನಂತೆ.

"ಯಾಕ ಹಂಗ ಅಂತ ಕೇಳಿದೆ. 'ಸತ್ತಾನ ಅಂದ್ರ ಅವ್ವ ಒಮ್ಮೆ ಅತ್ತ ಸುಮ್ಮನ ಆಗ್ತಾಳ. ಬಿಟ್ಟ ಹ್ವಾದ ಅಂದ್ರ ದಿನಾ ಅಳ್ತಾಳ' ಅಂದ. ನೀನೂ ಬಾ ಅನಲಿಲ್ರಿ ಅಂವ. ನಾನೂ ಕರಕೊಂಡ ಹೋಗು ಅನಲಿಲ್ಲ."

ನನ್ನ ಮನಸ್ಸಿಗೆ ಮೊದಲು ಬಂದದ್ದು ಏನೆಂಬುದನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆ ಹುಡುಗಿಯ ಮೇಲೆ ಕನಿಕರ ಬಂತು, ಆದರೆ ಅದು ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಕೊರಳಿನಿಂದ ದಾರ ಬಿಚ್ಚಿ ಗಡಿಗೆಯಲ್ಲಿ ಹಾಕಿ ಕಾಡುಹಾದಿ ಹಿಡಿದು ನಡೆದುಬಿಟ್ಟನಲ್ಲ! ನನಗಿಂತ ಒಂದೆರಡು ವರ್ಷ ದೊಡ್ಡವನು. ಬಾಗಿಲು ಹೀಗೂ ತೆರೆಯುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಇದು ಯಾರ ಮುಂದೂ ಹೇಳಬಾರ್ದ್ರಿ," ಎಂದಳು. "ನಿಮ್ಮ ಲಿಂಗಾ ಮುಟ್ಟಿ ಹೇಳ್ರಿ."

ಮುಟ್ಟಿ ಹೇಳಿದೆ. ಆ ಗಳಿಗೆಯಿಂದ ನಾನೂ ಆ ಮನೆಯೊಳಗೆ ಸಿಕ್ಕಿಹಾಕಿಕೊಂಡೆ.

ಅಂದು ಸಂಜೆ ನೀಲವ್ವ ಹೊಳೆಯಿಂದ ಬರುವಾಗ ನನ್ನ ಖೋಲಿಯ ಮುಂದೆ ನಿಂತಳು. ಸೀರೆಯಿಂದ ನೀರು ಸೋರುತ್ತಿತ್ತು. "ಸ್ವಾಮ್ಯಾರ, ನೀವು ಓದಿದವರು. ಮಣ್ಣ ಸಿಗದವರ ಜೀವಾ ಎಲ್ಲಿ ಇರತೈತ್ರಿ? ನೀರಾಗ ಇರತೈತೋ, ಮನಿಗಿ ಬರತೈತೋ?" ಎಂದು ಕೇಳಿದಳು. ನಾನು ಮಾತಾಡಲಿಲ್ಲ. ಗಂಗವ್ವನ ಎದುರು ಸುಮ್ಮನಿರುವುದು ಅವಳ ಜತೆ ಇರುವುದಾಗಿತ್ತು. ನೀಲವ್ವನ ಎದುರು ಅದೇ ಸುಮ್ಮನಿರುವುದು ಅವಳಿಂದ ಅಡಗಿಕೊಳ್ಳುವುದಾಯಿತು. ಬಾಯಿ ಎರಡೂ ಸಲ ಮುಚ್ಚಿಯೇ ಇತ್ತು. ಅವಳು ಸೆರಗು ಹಿಂಡಿಕೊಂಡು, "ಇರಲಿ ಬಿಡ್ರಿ, ನಿಮಗೂ ಗೊತ್ತಿರಾಕಿಲ್ಲ" ಎಂದು ನನಗೇ ಸಮಾಧಾನ ಹೇಳಿ ಹೋದಳು.

ಮರುದಿನ ಗಂಗವ್ವನಿಗೆ ಹೇಳಿದೆ. "ನಿಮ್ಮ ಅತ್ತಿ ಒಬ್ಬಾಕಿಗೆ ಹೇಳವಾ. ಆಕಿ ಹೊಳಿದಂಡ್ಯಾಗ ಕುಂತ ಸಾಯಾಕತ್ತಾಳ."

"ಹೇಳಿದ ಮ್ಯಾಲೆ ನಾ ಎಲ್ಲಿ ಇರಲ್ರಿ?" ಎಂದಳು. "ಗಂಡ ಸತ್ತಾಕಿ ಅಂದ್ರ ಅಯ್ಯೋ ಅಂತಾರ. ಗಂಡ ಬಿಟ್ಟಾಕಿ ಅಂದ್ರ ಏನ ಮಾಡಿದ್ಲೋ ಅಂತಾರ. ಅತ್ತಿ ಹೊರಗ ಹಾಕಿದ್ರ ನನಗ ತವರಮನೀನೂ ಇಲ್ರಿ." ಆಮೇಲೆ ಇನ್ನೂ ಮೆಲ್ಲಗೆ, "ಸತ್ತಾನ ಅಂದ್ರ ನಾಳೆ ನನ್ನ ಬಳಿ ಒಡೀತಾರ. ಅದೂ ಗೊತ್ತೈತ್ರಿ ನನಗ" ಎಂದಳು. ಎರಡೂ ಕಡೆ ಗೋಡೆ. ನಾನು ಯಾವ ಕಡೆ ತೋರಿಸಲಿ?

ಹದಿನೇಳನೆಯ ದಿನ ಈರಪ್ಪ ಶೆಟ್ಟರು ನನ್ನ ಖೋಲಿಗೆ ಬಂದು ಕುಳಿತರು. ಹಿರಿಯರೆಲ್ಲ ಕೂಡಿ ಮಾತಾಡಿಕೊಂಡಿದ್ದರು. ಹೆಣ ಸಿಗದಿದ್ದರೂ ಕಾರ್ಯ ಬಿಡಬಾರದು, ಮಲ್ಲಪ್ಪನ ಅಂಗಿ ಧೋತರ ಇಟ್ಟು ಇಪ್ಪತ್ತೊಂದನೆಯ ದಿನ ಮಣ್ಣು ಕೊಡುವುದು. "ಮುದಕಿ ಜೀವಾ ಒಂದ ಕಡೆ ನಿಲ್ಲತೈತ್ರಿ. ನೀವು ಮುಂದ ನಿಂತ ಮಾಡಸ್ರಿ" ಎಂದರು.

"ನನ್ನಿಂದ ಆಗೂದಿಲ್ರಿ ಶೆಟ್ರ," ಎಂದೆ.

"ಯಾಕ್ರಿ?"

ಕಿಟಕಿಯ ಕಡೆ ತಿರುಗಿದೆ. ಶೆಟ್ಟರು ಒಳ್ಳೆಯವರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸ್ವಾಮ್ಯಾರ, ಒಂದ ಮಾತ ಹೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ನೀವು ದಿನಾ ಆ ಮನಿಗಿ ಹೋಗಿ ಕುಂದರತೀರಿ. ಪುರಾಣಾ ಹೇಳಿದ್ರ ಮಂದಿ ಕಿವಿಗೆ ಬೀಳತಿತ್ತು. ಮಾತಿಲ್ಲ ಕಥಿಯಿಲ್ಲ, ಹರೇದ ಹುಡಿಗಿ ಮುಂದ ಏನ ಮಾಡ್ತಾರ ಇವರು ಅಂತ ಚಾಳಿನಾಗ ಕೇಳಾಕತ್ತಾರ. ಈಗ ನೀವು ಮಣ್ಣ ಕೊಡೂದಿಲ್ಲ ಅಂದ್ರ ಏನ ತಿಳ್ಕೋತಾರ್ರಿ? ಆಕಿ ಬಳಿ ಒಡಿಯೂದು ಇವರಿಗೆ ಬ್ಯಾಡ ಆಗೇತಿ ಅಂತಾರ."

ಮಾತಾಡದೆ ಕುಳಿತದ್ದು ಹೊರಗಿನವರಿಗೆ ಹೀಗೂ ಕಾಣಬಹುದೆಂದು ನನಗೆ ತಿಳಿದಿರಲಿಲ್ಲ. ಓಡಿಹೋಗಬೇಕೆಂದರೆ ಮಳೆಗೆ ಹಳಿಯಾಳದ ಹಾದಿಯಲ್ಲಿ ಮರ ಬಿದ್ದು ಬಸ್ಸು ನಿಂತು ನಾಲ್ಕು ದಿನ. ಎಲ್ಲರ ಕಣ್ಣೆದುರು ರೈಲು ಹತ್ತಿದರೆ ತಪ್ಪು ಒಪ್ಪಿಕೊಂಡಂತೆ. ಇಪ್ಪತ್ತೊಂದನೆಯ ದಿನದ ತನಕ ಚಾಳಿನ ಕಡೆ ಹೋಗಲೂ ಇಲ್ಲ. ಕಟ್ಟೆಯ ಮೇಲೆ ಪುರಾಣಕ್ಕೆ ಕುಳಿತರೆ ಮುಂದೆ ಮೂರೇ ಜನ. ಖೋಲಿಯಲ್ಲಿ ಬೆಲ್ಲದ ಪೆಂಟಿಗಳ ನಡುವೆ ಕುಳಿತು ಒಂದೇ ಲೆಕ್ಕ ಹಾಕುತ್ತಿದ್ದೆ. ನಿಜ ಹೇಳಿದರೆ ಗಂಗವ್ವ ಬೀದಿಗೆ. ಮಣ್ಣು ಕೊಟ್ಟರೆ ಬದುಕಿರುವವನನ್ನು ಹುಗಿದಂತೆ, ಅದೂ ಅವನ ತಾಯಿಯ ಕಣ್ಣೆದುರು. ಎರಡೂ ಬೇಡವೆಂದರೆ ನನಗೆ ಉಳಿಯುವುದು ಕೆಟ್ಟ ಹೆಸರು. ಮೂರನೆಯದನ್ನೇ ಹಿಡಿದೆ. ಧೈರ್ಯದಿಂದಲ್ಲ. ಬೇರೆ ಯಾವುದಕ್ಕೂ ಕೈ ಏಳಲಿಲ್ಲ.

ಇಪ್ಪತ್ತೊಂದನೆಯ ದಿನ ಮುಂಜಾನೆ ಚಾಳಿನ ಹಿಂದಿನ ದಿಬ್ಬದಲ್ಲಿ ಕುಣಿ ತೋಡಿದ್ದರು. ತಳದಲ್ಲಿ ಆಗಲೇ ಕೆಂಪು ನೀರು ನಿಂತಿತ್ತು. ಬಿಳಿ ಬಟ್ಟೆಯಲ್ಲಿ ಮಲ್ಲಪ್ಪನ ಅಂಗಿ, ಧೋತರ, ರುಮಾಲು. ಐವತ್ತು ಅರವತ್ತು ಜನ ಕೊಪ್ಪೆ ಹೊದ್ದು ನಿಂತಿದ್ದರು. ಬಟ್ಟೆಯ ಗಂಟನ್ನು ಕುಣಿಯಲ್ಲಿಟ್ಟರು. ಶೆಟ್ಟರು ವಿಭೂತಿ ಗಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಅದನ್ನು ತಿರುಗಿ ಅವರ ಕೈಗೇ ಇಟ್ಟೆ. "ನಾ ಕೊಡಲಾರೆ," ಎಂದೆ.

"ಯಾಕ ಅಂತ ಹೇಳ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಯಾಕ ಅಂತ ನಮಗ ಗೊತ್ತೈತಿ," ಎಂದು ಇನ್ನೊಬ್ಬರು. ನಗೆ ಕೇಳಿಸಿತು. ಗಂಗವ್ವ ಹೆಂಗಸರ ನಡುವೆ ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಒಂದು ಮಾತಿನಿಂದ ನಾನು ಪಾರಾಗಬಹುದಿತ್ತು. ಆ ಮಾತು ಹಲ್ಲಿನ ತನಕ ಬಂತು. ಅದನ್ನು ನುಂಗಿ ನಿಂತೆ.

ಆಗ ನೀಲವ್ವ ಗುಂಪಿನಿಂದ ಹೊರಗೆ ಬಂದು ನನ್ನ ಎದುರು ನಿಂತಳು. ಕುಳ್ಳ ಹೆಂಗಸು, ತಲೆ ಎತ್ತಿ ನೋಡಬೇಕಿತ್ತು. ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಿಂದ ಕಣ್ಣು ತೆಗೆಯಲು ನನಗಾಗಲಿಲ್ಲ.

"ಸ್ವಾಮ್ಯಾರ," ಎಂದಳು ಮೆಲ್ಲಗೆ, "ಇದರಾಗ ನನ್ನ ಮಗಾ ಇಲ್ಲ. ಹೌದಲ್ಲರಿ?"

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಸಾವಕಾಶ ತಿರುಗಿ ಸೊಸೆಯನ್ನು ನೋಡಿದಳು. ಗಂಗವ್ವ ಒಂದು ಗಳಿಗೆ ನಿಂತಳು, ಆಮೇಲೆ ಹೆಂಗಸರನ್ನು ಸರಿಸಿಕೊಂಡು ಮನೆಯ ಕಡೆ ಓಡಿದಳು. ಬಂದಾಗ ಕೈಯಲ್ಲಿ ಕರಡಿಗೆ ಇತ್ತು. ಅದನ್ನು ಅತ್ತೆಯ ಅಂಗೈಯಲ್ಲಿ ಇಟ್ಟಳು. ಮಗನಿಗೆ ಅದನ್ನು ಕಟ್ಟಿಸಿದವಳೇ ಅವಳು, ಗುರುತು ಸಿಗದಿದ್ದೀತೇ?

ನೀಲವ್ವ ಕೆಸರಿನಲ್ಲೇ ಕುಳಿತಳು. "ಎಂದಿನಿಂದ ಗೊತ್ತಿತ್ತ ನಿನಗ?"

"ಮೊದಲಿಂದ."

"ಹಿಂಗ ಹೇಳು ಅಂತ ಅವನ ಹೇಳಿದನ?"

"ಹೂಂ. ನೀವು ಒಮ್ಮೆ ಅತ್ತ ಸುಮ್ಮನ ಆಗ್ತೀರಿ ಅಂದ."

"ಒಮ್ಮೆ ಅತ್ತ," ಎಂದಳು ನೀಲವ್ವ. ಮತ್ತೊಂದು ಸಲ ಎಂದಳು. ಸೊಸೆಗೆ ಈಗ ಹೊಡೆಯುತ್ತಾಳೆ ಎಂದು ಎಲ್ಲರೂ ಕಾದಿದ್ದೆವು. ಅವಳು ಕುಣಿಯ ದಡಕ್ಕೆ ಬಗ್ಗಿ ಕೈ ಇಳಿಸಿ ಬಟ್ಟೆಯ ಗಂಟನ್ನು ಎಳೆದುಕೊಂಡಳು. ಬಿಚ್ಚಿ, ಅಂಗಿಗೆ ಅಂಟಿದ ಮಣ್ಣನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದಳು. "ಕುಣಿ ಮುಚ್ಚಿ ಹೋಗ್ರಿ," ಎಂದಳು ಜನಕ್ಕೆ. "ಮಳ್ಯಾಗ ಯಾರರ ಬಿದ್ದಾರು." ಸೊಸೆಯ ತೋಳು ಹಿಡಿದುಕೊಂಡು ಮನೆಗೆ ನಡೆದಳು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಹಿರಿಯರು ನಮ್ಮ ಅಜ್ಜನವರಿಗೆ ಕಾಗದ ಬರೆದರು. ಗೊತ್ತಿದ್ದೂ ಮುಚ್ಚಿಟ್ಟರು, ಹರೆಯದ ಹೆಣ್ಣಿನ ಮುಂದೆ ಹೋಗಿ ಕೂಡುತ್ತಿದ್ದರು, ಇಂಥವರು ನಮಗೆ ಬೇಡ ಎಂದು. ಭಾದ್ರಪದ ಮುಗಿಯುವ ಮುಂಚೆಯೇ ನನಗೆ ಕರೆ ಬಂತು. ಅಜ್ಜನವರು ಎಲ್ಲವನ್ನೂ ಕೇಳಿದರು, ಬಯ್ಯಲಿಲ್ಲ. "ಆ ಹುಡಿಗಿಗೆ ಮಾತ ಕೊಟ್ಟಿದ್ದಿ, ಉಳಸಿಕೊಂಡಿ. ಆ ಮುದಕಿಗೆ ಏನ ಕೊಟ್ಟಿ?" ಎಂದು ಮಾತ್ರ ಕೇಳಿದರು. ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾಯಿತು, ಪ್ರಶ್ನೆ ಹಾಗೇ ಇದೆ. ಅತ್ತೆ ಸೊಸೆ ಇಬ್ಬರೂ ದಾಂಡೇಲಿ ಬಿಟ್ಟು ಮಳಗಿಯ ಹತ್ತಿರ ನೀಲವ್ವನ ತಂಗಿಯ ಊರಿಗೆ ಹೋದರು. ಅಲ್ಲಿ ಕೂಡಿಯೇ ಬಾಳಿದರಂತೆ, ಗಂಗವ್ವ ಬಳೆ ತೆಗೆಯಲಿಲ್ಲವಂತೆ. ಮಲ್ಲಪ್ಪ ಬಂದನೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ಎಲ್ಲಿಗೂ ಹೋಗಲಿಲ್ಲ. ಅದೇ ಮಠ, ಅದೇ ಕಾವಿ. ಓಡಿಹೋಗುವ ಧೈರ್ಯ ಬರಲಿಲ್ಲ ಎಂದರೂ ಸರಿ, ಇಲ್ಲಿಯೇ ಕೆಲಸ ಸಿಕ್ಕಿತು ಎಂದರೂ ಸರಿ. ಕಷ್ಟ ಹೇಳಿಕೊಳ್ಳಲು ಬಂದವರ ಮುಂದೆ ಪುರಾಣ ಹೇಳುವುದನ್ನು ಬಿಟ್ಟೆ.

ಆದರೆ ನನಗೆ ಬಿಡದೆ ನೆನಪಾಗುವುದು ದಾಂಡೇಲಿಯಿಂದ ಹೊರಡುವ ಹಿಂದಿನ ದಿನ. ಮಧ್ಯಾಹ್ನ ನೀಲವ್ವ ಖೋಲಿಯ ಮುಂದೆ ಬಂದು, "ನಡೀರಿ" ಎಂದಳು. ಎಲ್ಲಿಗೆ ಎಂದು ಕೇಳದೆ ಹಿಂದೆ ನಡೆದೆ. ಹೊಳೆಯ ದಂಡೆಯಲ್ಲಿ ಒಂದು ಚಪ್ಪಟೆ ಬಂಡೆ. ಅವಳು ಕೂಡುತ್ತಿದ್ದ ಜಾಗ ಅದೇ. ಮಳೆ ಬಿಟ್ಟಿತ್ತು, ನೀರು ಕೆಂಪಗೆ ಹರಿಯುತ್ತಿತ್ತು.

"ಇಪ್ಪತ್ತ ದಿನ ನಾ ಇಲ್ಲಿ ಕುಂತಿದ್ದೆ," ಎಂದಳು. "ಅದರಾಗ ಎಂಟ ದಿನ ನಿಮಗ ಗೊತ್ತಿತ್ತು."

"ಹೌದವಾ."

"ಯಾಕ ಹೇಳಲಿಲ್ಲ ಅಂತ ಗಂಗಿ ಎಲ್ಲಾ ಹೇಳ್ಯಾಳ. ಆ ಹುಡಿಗಿ ಸಲುವಾಗಿ ನೀವು ಮಾಡಿದ್ದು ಛಲೋನ ಆತು. ಆದ್ರೂ ನನಗ ಸಿಟ್ಟ ಐತ್ರಿ ನಿಮ್ಮ ಮ್ಯಾಲೆ. ಸಿಟ್ಟ ಐತಿ ಅಂತ ಹೇಳಾಕ ಕರಕೊಂಡ ಬಂದೆ."

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಬ್ಯಾಡ್ರಿ. ಗಂಗಿ ಮುಂದ ಕುಂತಂಗ ನನ್ನ ಮುಂದೂ ಕುಂದರ್ರಿ. ನಾ ಆಕಿ ಹಂಗ ಸುಮ್ಮನ ಇರಾಕಿ ಅಲ್ಲ. ನಾ ಮಾತಾಡ್ತೇನಿ."

ಕುಳಿತೆ. ಅವಳು ಮಗನ ಬಗ್ಗೆ ಮಾತಾಡಿದಳು. ಹುಟ್ಟಿದಾಗ ಅಳಲೇ ಇಲ್ಲವಂತೆ, ಸೂಲಗಿತ್ತಿ ಹೆದರಿದ್ದಳಂತೆ. ಹಾಲಿನ ಗಡಿಗೆಯ ತಳ ಕೆರೆದು ಕೊಟ್ಟರೆ ಬೇರೇನೂ ಬೇಡವಂತೆ ಅವನಿಗೆ. ಆರು ವರ್ಷದವನಿದ್ದಾಗ ಒಮ್ಮೆ, ಹತ್ತು ವರ್ಷದವನಿದ್ದಾಗ ಒಮ್ಮೆ ಮನೆ ಬಿಟ್ಟು ಓಡಿದ್ದ. ಎರಡನೆಯ ಸಲ ಅಪ್ಪ ಹಿಡಿದುತಂದು ದನದ ಹಗ್ಗದಿಂದ ಕಂಬಕ್ಕೆ ಕಟ್ಟಿದಾಗ ತಾನು ಬಿಚ್ಚಲಿಲ್ಲವೆಂದು ಹೇಳಿದಳು. "ಲಗ್ನಾ ಮಾಡಿದ್ರ ಒಂದ ಕಡೆ ನಿಲ್ತಾನ ಅಂತ ನಾನ ಗಂಗೀನ ತಂದ ಕಟ್ಟಿದೆ. ಹಗ್ಗ ಬ್ಯಾರೆ, ಅಷ್ಟ." ಆಮೇಲೆ ಅವನನ್ನು ಬಯ್ದಳು. ಅವನು ಎದುರಿಗೆ ನಿಂತಿದ್ದಾನೋ ಎಂಬಂತೆ, ಹೆಸರು ಹಿಡಿದು, ಬಾಯಿಗೆ ಬಂದಂತೆ ಬಯ್ದಳು. ಬಯ್ಯುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ದಿನಾ ಅಳುತ್ತೇನೆ, ನೋಡುತ್ತಿರು ಎಂದು ಹೊಳೆಯಾಚೆಯ ಕಾಡಿಗೆ ಕೇಳುವಂತೆ ಕೂಗಿದಳು. ಎಷ್ಟು ಸಲ ನನ್ನ ನಾಲಿಗೆಗೆ ಒಳ್ಳೆಯ ಒಳ್ಳೆಯ ಮಾತು ಬಂದವೋ! ಒಂದನ್ನೂ ಆಡಲಿಲ್ಲ. ಈ ಸಲ ನಾನು ಏನನ್ನೂ ಮುಚ್ಚಿಟ್ಟಿರಲಿಲ್ಲ, ಅವಳಿಗೂ ಅದು ಗೊತ್ತಿತ್ತು.

ಕಾರ್ಖಾನೆಯ ಭೋಂಗಾ ಊದಿತು. ಪಾಳಿ ಬಿಟ್ಟ ಜನ ದಂಡೆಯ ಮೇಲಿನ ಹಾದಿಯಲ್ಲಿ ಸಾಗಿದರು, ಕೆಲವರು ನಿಂತು ನಮ್ಮನ್ನು ನೋಡಿದರು. ನೀಲವ್ವ ಅವರ ಕಡೆ ತಿರುಗಲಿಲ್ಲ. ಹೊಳೆಗೆ ಬಗ್ಗಿ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು ಎದ್ದಳು.

"ಹೋಗೂಣು ನಡೀರಿ," ಎಂದಳು. "ನಾ ಹೋಗೂತನಕ ಗಂಗಿ ಉಣ್ಣೂದಿಲ್ಲ."